ಪೆಟ್ಟಿಗೆಯ ಮೇಲೆ ಕೂರುತ್ತಿದ್ದ ಟೀಚರ್

ಮುಂಬೈ ಗೋರೆಗಾಂವ್‌ನ ನಮ್ಮ ಕನ್ನಡ ಶಾಲೆಗೆ ಗಣಿತದ ಪಾಠಗಳು ಸಿದ್ಧವಾಗಿ ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಉಡುಪಿ ಕಡೆಯ ನನ್ನ ಸಹೋದ್ಯೋಗಿ ಟೀಚರ್ ಅದನ್ನು ಮುಚ್ಚಿ, ಅದರ ಮೇಲೆಯೇ ಕೂತು, ಎದುರಿನ ಯಾವುದಾದರೂ ಹುಡುಗಿಗೆ "ಪೆಟ್ಟಿಗೆ ಇರ್ಲಿ ಮಾರಾಯ್ತಿ, ನೀನು ಹೇಳು" ಎನ್ನುತ್ತಿದ್ದರು.

ಸೊನ್ನೆಗಿಂತ ಕೆಳಗಿನ ಸಂಖ್ಯೆಗಳನ್ನು ಕಲಿಸಲು ಹಿಮ ಬೀಳುವ ಊರಿನ ಥರ್ಮಾಮೀಟರ್ ಚಿತ್ರ ಬಂದಿತ್ತು. ಮಕ್ಕಳು ಬೆವರೊರೆಸುತ್ತ ತಲೆ ಕೆರೆದುಕೊಂಡರು. ಟೀಚರ್ ಬೋರ್ಡಿನ ಮೇಲೆ ಬಿಲ್ಡಿಂಗ್ ಬಿಡಿಸಿ, ನೆಲಕ್ಕೆ ಸೊನ್ನೆ ಬರೆದು, ಅದರಡಿ ಪಾರ್ಕಿಂಗಿನ ಎರಡು ಅಂತಸ್ತು ಸೇರಿಸಿದರು. "ಇವಕ್ಕೆ ಯಾವ ನಂಬರ್?"

ಅದುವರೆಗೂ ತರಗತಿಯಲ್ಲಿ ಬಾಯಿಬಿಡದಿದ್ದ ರಾಯಚೂರಿನ ಹುಡುಗಿ ಎದ್ದಳು. "ಮೈನಸ್ ಒಂದು, ಮೈನಸ್ ಎರಡು ಟೀಚರ್. ಮೈನಸ್ ಎರಡರಾಗ ನಮ್ಮಪ್ಪ ಗ್ವಾಡಿ ಕಟ್ಟೋ ಗೌಂಡಿ ಕೆಲಸ ಮಾಡ್ತಾನ್ರಿ."

ಟೀಚರ್ ಥರ್ಮಾಮೀಟರ್ ಚಿತ್ರವನ್ನು ಅವಳ ಕೈಗಿತ್ತರು. "ಈಗ ಇದನ್ನು ನಮಗೆಲ್ಲ ನೀನೇ ಹೇಳಿಕೊಡು."

ಅವಳು ಅದನ್ನು ನೆಟ್ಟಗೆ ಹಿಡಿದು, ಸೊನ್ನೆಯ ಕೆಳಗಿನ ಗೆರೆಗಳನ್ನು ದಿಟ್ಟಿಸಿದಳು.

"ಇದೂ ಬಿಲ್ಡಿಂಗೇ ಐತಲ್ರಿ!"