ಗೋವರದ ವಹಿಯಲ್ಲಿ ಒಂದು ಸಾಲು

ಆರೋಗ್ಯ ಖಾತೆಯವರು ಹಳೆಯ ವಹಿಗಳನ್ನು ರದ್ದಿಗೆ ಹಾಕಿರಬಹುದು. ಹಾಕಿರದಿದ್ದರೆ ಗೆದ್ದಲು ತಿಂದಿರಬಹುದು. ಗೆದ್ದಲು ಬಿಟ್ಟದ್ದನ್ನು ಮಳೆನೀರು ತೊಳೆದಿರಬಹುದು. ಮೂರು ಊರು ಕೂಡಿಸಿ ಒಂದು ಮಹಾನಗರಪಾಲಿಕೆ ಮಾಡಿದಾಗ ಕಾಗದಪತ್ರ ತುಂಬಿದ ಟೆಂಪೊದಿಂದ ಒಂದು ಗಂಟು ಮಿರಜ–ಸಾಂಗಲಿ ರಸ್ತೆಯಲ್ಲಿ ಉರುಳಿ ಬಿದ್ದಿರಬಹುದು. ಕಚೇರಿಯಲ್ಲಿ ವಹಿ ನೋಡಿಕೊಳ್ಳುವ ಹೆಂಗಸು, ಮಿರಜದವರ ಮಾತಿನಲ್ಲಿ ಬಾಯಿ, ರಜೆಯಲ್ಲಿರಬಹುದು, ಇದ್ದರೂ ‘ನೀವು ಯಾರು, ನಿಮಗ್ಯಾಕೆ?’ ಅನ್ನಬಹುದು. ವಹಿ ಸಿಕ್ಕರೂ ಆ ಪುಟ ಹರಿದಿರಬಹುದು, ಪುಟ ಇದ್ದರೂ ಅಕ್ಷರ ಮಾಸಿರಬಹುದು, ಅಕ್ಷರ ಇದ್ದರೂ ಕೊನೆಯ ಕಾಲಂನಲ್ಲಿ ‘ಮೃತ’ ಅಂತ ಬರೆದಿರಬಹುದು.

ಈ ಕೊನೆಯದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬೆಳಗಿನ ಚಹಾದ ಹೊತ್ತಿಗೆ ನಮ್ಮವರಿಗೆ ಹೇಳಿದೆ.

“ಇಷ್ಟೆಲ್ಲಾ ಆಗೂದಿದ್ರ ಹೋಗೂದರ ಯಾಕ?” ಅಂದರು.

“ಹೋಗದಿದ್ರ ಅದೂ ಒಂದು ಚಿಂತಿ ಆಗತೈತ್ರಿ” ಅಂದೆ.

ನಾನು ಹುಡುಕಹೊರಟದ್ದು ಒಬ್ಬ ಹುಡುಗಿಯನ್ನು. ಆಗ ಅವಳಿಗೂ ನನಗೂ ಹತ್ತು ವರ್ಷ. ನಮ್ಮ ಓಣಿಯ ಮೇಲೆ ಕೇಬಲ್ ಟಿವಿಯ ಕರಿ ತಂತಿಗಳು ಹೊಸದಾಗಿ ಜೋತುಬಿದ್ದಿದ್ದವು, ಮೂಲೆಯಲ್ಲಿ ಹಳದಿ ಬೋರ್ಡಿನ ಫೋನ್ ಬೂತು ಬಂದಿತ್ತು. ಆದರೂ ಮಿರಜದಲ್ಲಿ ಮನೆಯಿದ್ದ ಕನ್ನಡದವರ ಹಳೆಯ ಕರ್ಮ ತಪ್ಪಿರಲಿಲ್ಲ: ಗಡಿಯಾಚೆಯಿಂದ ದವಾಖಾನೆಗೆ ಬಂದವರೆಲ್ಲ ನಮಗೆ ನೆಂಟರು. ಈ ಹುಡುಗಿ ಬೇಡಗದ ನಮ್ಮ ಸೋದರಮಾವನ ಪರಿಚಯದವರ ಪರಿಚಯದವರ ಮಗಳು. ಗೋವರ ಎದ್ದಿತ್ತು. ಆ ಕಡೆಯವರು ದಡಾರ ಅನ್ನುತ್ತಾರಲ್ಲ, ಅದು. ಗುಳ್ಳೆ ಇಳಿದರೂ ಕೆಮ್ಮು ಎದೆಯಲ್ಲಿ ಕೂತುಬಿಟ್ಟಿತ್ತು. ಡಾಕ್ಟರರು ದಿನ ಬಿಟ್ಟು ದಿನ ಕರೆದುಕೊಂಡು ಬನ್ನಿ ಅಂದಿದ್ದರಿಂದ ಅಪ್ಪ-ಮಗಳು ನಮ್ಮಲ್ಲೇ ಉಳಿದರು.

ಅವ್ವ ಬಾಗಿಲಿಗೆ ಬೇವಿನ ಸೊಪ್ಪು ಸಿಗಿಸಿದಳು, ಒಗ್ಗರಣೆ ನಿಲ್ಲಿಸಿದಳು. ಹಿಂದಿನ ವರ್ಷವೇ ನನಗೆ ಗೋವರ ಆಗಿಹೋಗಿದ್ದರಿಂದ ಅವಳ ಹತ್ತಿರ ಕೂಡುವ ಕೆಲಸ ನನ್ನ ಪಾಲಿಗೆ ಬಂತು. ಕಣ್ಣಿಗೆ ಬೆಳಕು ಚುಚ್ಚುತ್ತದೆಂದು ಕಿಟಕಿಗೆ ಚಾದರ ಹೊದಿಸಿದ್ದರು. ಆ ಕತ್ತಲಲ್ಲಿ ನಾನು ಮಾಡುತ್ತಿದ್ದದ್ದು ಒಂದೇ, ಅವಳ ಎದೆ ಏರಿಳಿಯುವುದನ್ನು ಎಣಿಸುವುದು.

“ಯಾಕ ಹಂಗ ನೋಡ್ತಿ?”

“ಉಸರಾಡ್ತಿಯೋ ಇಲ್ಲೋ ಅಂತ.”

“ನಾ ಆಡಾಕತ್ತೇನಿ. ನೀ ಬಿಗಿಹಿಡಕೊಂಡು ಕುಂತೀದಿ, ಮದಲ ನೀ ಬಿಡು.”

ಬಿಟ್ಟೆ. ನಿಜಕ್ಕೂ ಬಿಗಿಹಿಡಿದಿದ್ದೆ.

ನಮ್ಮ ಹಿತ್ತಲ ಗೋಡೆಯಾಚೆ ಸಿತಾರ ಮಾಡುವವರ ಮನೆ. ಒಂದೇ ತಂತಿಯನ್ನು ಹಗಲೆಲ್ಲ ಮೀಟಿ, ಕಿವಿಗೊಟ್ಟು, ಬಿಗಿದು, ಮತ್ತೆ ಮೀಟುತ್ತಿದ್ದರು. ಅವಳು ಮೂರು ದಿನ ಸುಮ್ಮನೆ ಕೇಳಿದಳು.

“ಇವರು ಹಾಡಾ ಯಾವಾಗ ಸುರು ಮಾಡ್ತಾರ?”

“ಇವರು ಬಾರಸೂದಿಲ್ಲ. ಬರೇ ತಯಾರ ಮಾಡಿ ಕಳಸ್ತಾರ.”

“ಅಂದ್ರ ಇಷ್ಟು ದಿನಾ ಕೇಳಿದ್ದು ಹಾಡs ಅಲ್ಲೇನ? ಎಂಥಾ ಊರs ಯವ್ವಾ ನಿಮ್ಮದು!” ಎಂದು ನಕ್ಕಳು. ನಗು ಕೆಮ್ಮಾಯಿತು, ನಾನು ಅಡುಗೆಮನೆಗೆ ಓಡಿದೆ.

ಮೂರು ವಾರಕ್ಕೆ ಹೊರಟರು. ಕೆಮ್ಮು ಪೂರ್ತಿ ಹೋಗಿರಲಿಲ್ಲ. “ಹದಿನೈದು ದಿನಕ್ಕ ಮತ್ತ ತೋರ್ಸಾಕ ಬರ್ತೇವ್ರಿ, ಅಕ್ಕಾರ” ಎಂದು ಅವಳಪ್ಪ ಅವ್ವನಿಗೆ ಹೇಳಿದ. ಬರಲಿಲ್ಲ.

“ಆರಾಮ ಆಗಿರತಾಳ, ಅದಕ್ಕs ಬಂದಿಲ್ಲ” ಅಂದಳು ಅವ್ವ. ಬರದೇ ಇರಲು ಇನ್ನೊಂದು ಕಾರಣವೂ ಇರುತ್ತದೆಂದು ನನಗೆ ಹತ್ತನೇ ವಯಸ್ಸಿಗೇ ಗೊತ್ತಿತ್ತು. ಊರು ಯಾವುದು ಎಂದು ಆಗ ಕೇಳಲಿಲ್ಲ. ಬರುತ್ತಾರಲ್ಲ, ಆಗ ಕೇಳಿದರಾಯಿತು ಅಂದುಕೊಂಡಿದ್ದೆ. ಈಗ ಕೇಳೋಣವೆಂದರೆ ಅಪ್ಪ ಇಲ್ಲ, ಅವ್ವ ಇಲ್ಲ, ಬೇಡಗದ ಮಾವನೂ ಇಲ್ಲ. ನನ್ನ ಮಕ್ಕಳಿಗೆ ಲಸಿಕೆ ಹಾಕಿಸಿದಾಗಲೆಲ್ಲ ಆ ಕತ್ತಲು ಕೋಣೆಗೆ ಹೋಗಿ ಕೂತು ಬಂದಿದ್ದೇನೆ. ಅವಳಿಗೂ ಈಗ ನನ್ನ ಹಾಗೆ ಮೊಣಕಾಲು ನೋಯುತ್ತಿರಲಿ ಎಂದು ಹಾರೈಸಿದ್ದೇನೆ. ಮೊಣಕಾಲು ನೋಯಲು ಮೊದಲು ಬದುಕಿರಬೇಕಲ್ಲ.

ಆ ದಿನಗಳಲ್ಲಿ ಗೋವರ ಎದ್ದ ಮಕ್ಕಳ ಹೆಸರನ್ನು ನರ್ಸಬಾಯಿ ಮನೆಮನೆಗೆ ಬಂದು ಬರೆದುಕೊಳ್ಳುತ್ತಿದ್ದದ್ದು ಹೋದ ತಿಂಗಳು ಯಾಕೋ ನೆನಪಾಯಿತು. ಅದಕ್ಕೇ ಹೊರಟಿದ್ದೆ.

ಕಚೇರಿಯ ಬಾಯಿ ರಜೆಯಲ್ಲಿರಲಿಲ್ಲ. ನೀವು ಯಾರು ಅನ್ನಲಿಲ್ಲ, ಬಸಾ ಬಸಾ ಎಂದು ಕುರ್ಚಿ ಒರೆಸಿದಳು. ಹತ್ತು ನಿಮಿಷಕ್ಕೆ ವಹಿ ಮೇಜಿನ ಮೇಲಿತ್ತು. ಗೆದ್ದಲು ಹತ್ತಿಲ್ಲ, ನೀರಿನ ಕಲೆಯಿಲ್ಲ, ಪುಟ ಇತ್ತು, ಹೆಸರು ಇತ್ತು. ವಿಳಾಸ ನಮ್ಮ ಮನೆಯದೇ. ಹೊರಗಿನವರು ಅಂದರೆ ನಿಮ್ಮ ತಾಲೂಕಿಗೆ ಹೋಗಿ ಅಂದುಬಿಟ್ಟಾರೆಂದು ಅವ್ವ ಬಂದವರ ಮಕ್ಕಳನ್ನೆಲ್ಲ “ನಮ್ಮ ನಾದಿನಿ ಮಗಳ್ರಿ, ಇಲ್ಲೇ ಸಾಲಿಗೆ ಇಟಗೊಂಡೇವಿ” ಅನ್ನುತ್ತಿದ್ದಳು. ಓಣಿಯ ಕನ್ನಡದ ಮನೆಗಳಲ್ಲೆಲ್ಲ ಇದೇ ರೂಢಿ. ನಮ್ಮ ಅವ್ವನಿಗೆ ಎಷ್ಟು ನಾದಿನಿಯರಿದ್ದರೋ ಆ ನರ್ಸಬಾಯಿಗೇ ಗೊತ್ತು.

ಕೊನೆಯ ಕಾಲಂ. ‘ಎರಡು ತಿಂಗಳ ನಂತರ ಮನೆಗೆ ಹೋಗಿ ನೋಡಲಾಗಿದೆ. ಹುಡುಗಿ ಆರಾಮ. ಕೆಮ್ಮು ಇಲ್ಲ. ತೂಕ ಹೆಚ್ಚಿದೆ.’

ಎರಡು ತಿಂಗಳ ನಂತರ! ಹಾಗಾದರೆ ತಿರುಗಿ ಬಂದಿದ್ದಳು. ನಾನು ಶಾಲೆಗೆ ಹೋದಾಗ ಬಂದು ಹೋಗಿರಬೇಕು, ಅವ್ವ ಹೇಳಲು ಮರೆತಿರಬೇಕು. ಇಷ್ಟು ವರ್ಷ ಹಿಡಿದಿಟ್ಟ ಉಸಿರು ಹೊರಬಿತ್ತು. ಆ ಬಾಯಿ ಒಂದು ಲೋಟ ನೀರು ತಂದಿಟ್ಟಳು. ಕುಡಿದು, ಇನ್ನೊಮ್ಮೆ ಓದುವ ಆಸೆಯಾಗಿ ಬಗ್ಗಿದಾಗ ಕೆಳಗೆ ಸಣ್ಣ ಅಕ್ಷರದಲ್ಲಿ ಮತ್ತೊಂದು ಮಾತಿತ್ತು: ‘ಚಷ್ಮಾ ಇದೆ. ಗೋವರದಿಂದ ದೃಷ್ಟಿ ಮಂದವಾಗಿರಬಹುದು.’

ಅವಳಿಗೆ ಚಷ್ಮಾ ಇರಲಿಲ್ಲ. ಎರಡನೇ ಇಯತ್ತೆಯಿಂದ ಚಷ್ಮಾ ಹಾಕುತ್ತಿದ್ದವಳು ನಾನು.

ಆಗದೇ ಇದ್ದದ್ದನ್ನೆಲ್ಲ ನೆನಪಿಟ್ಟುಕೊಂಡ ನನಗೆ ಆದದ್ದೊಂದು ಮರೆತುಹೋಗಿತ್ತು. ಹೊಸ ನರ್ಸಬಾಯಿಯೊಬ್ಬಳು ಬಾಗಿಲಲ್ಲಿ ನಿಂತು ಗೋವರದ ಹುಡುಗಿ ಎಲ್ಲಿ ಅಂದಿದ್ದಳು. ಸುಳ್ಳು ಹೊರಬಿದ್ದರೆ ಮುಂದೆ ಬರುವ ಮಕ್ಕಳಿಗೆ ತೊಂದರೆಯೆಂದು ಅವ್ವ ನನ್ನ ರಟ್ಟೆ ಹಿಡಿದು ಮುಂದಕ್ಕೆ ದೂಡಿ “ಇಕಿನ ನೋಡ್ರಿ” ಅಂದಿದ್ದಳು. ಹೆಸರು ಕೇಳಿದಾಗ, ಪೊಲೀಸರು ಬಂದೇ ಬರುತ್ತಾರೆಂದು ಹೆದರಿ, ನಾನು ಅವಳ ಹೆಸರು ಹೇಳಿದ್ದೆ. ಆಮೇಲೆ ತೂಕದ ಕಾಟಾದ ಮೇಲೆ ನಿಂತಿದ್ದೆ.

“ಮಿಳಾಲಂ ಕಾ?” ಸಿಕ್ಕಿತೇ ಎಂದು ಕೇಳಿದಳು ಆ ಬಾಯಿ.

ಸಿಕ್ಕಿತ್ತು. ಎಲ್ಲ ಸರಿಯಾಗಿಯೇ ಇತ್ತು. ಅಲ್ಲಿ ಆರಾಮ ಇದ್ದವಳು ಮಾತ್ರ ನಾನಾಗಿದ್ದೆ.