ತೊಂಬತ್ತೊಂದಕ್ಕಾಗಿ ಒಂದು ಅರ್ಜಿ

ಆರನೇ ತರಗತಿಯ ಗಣಿತದ ಕಿರುಪರೀಕ್ಷೆಯಲ್ಲಿ ನನ್ನ ಮಗಳಿಗೆ ಹೋದದ್ದು ಒಂದೇ ಅಂಕ. ಕೊಟ್ಟ ಸಂಖ್ಯೆಗಳಲ್ಲಿ ಅವಿಭಾಜ್ಯವಾದವನ್ನು ಆರಿಸಬೇಕಿತ್ತು. ಅವಳು ತೊಂಬತ್ತೊಂದನ್ನು ಬಿಟ್ಟಿದ್ದಳು. ಅದೂ ಅವಿಭಾಜ್ಯವೇ ಎಂದು ಟೀಚರ್ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು.

"ಯಾಕೆ ಬಿಟ್ಟೆ?" ಎಂದೆ.

"ಹದಿಮೂರೇಳ್ಲಿ ತೊಂಬತ್ತೊಂದು, ಅಪ್ಪಾ. ನೀವೇ ಹೇಳ್ಕೊಟ್ಟಿದ್ದು ಅಲ್ವಾ?"

ದೆಹಲಿಯಲ್ಲೇ ಹುಟ್ಟಿದವಳು; ಕನ್ನಡದಲ್ಲಿ ತಡವರಿಸದೆ ಹೇಳುವುದು ಮಗ್ಗಿಯನ್ನು ಮಾತ್ರ. ಜನಕಪುರಿಯ ನಮ್ಮ ಮನೆಯಿಂದ ಶಾಲೆಗೆ ಸ್ಕೂಟರಿನಲ್ಲಿ ಹೋಗುವಾಗ ನಾನೇ ಕಲಿಸಿದ್ದೆ. ಹಾಗಾಗಿ ಆ ಕೆಂಪು ಸುತ್ತು ನನಗೇ ಹಾಕಿದಂತಿತ್ತು.

ಶನಿವಾರ ಪೋಷಕರ ಸಭೆ. ಒಂದು ಗಂಟೆ ಸಾಲಿನಲ್ಲಿ ನಿಂತು ಉತ್ತರಪತ್ರಿಕೆ ಮುಂದಿಟ್ಟೆ.

"ಎರಡು, ಮೂರು, ಐದು, ಯಾವುದರಿಂದಲೂ ಭಾಗ ಹೋಗಲ್ಲ ಸರ್. ಪ್ರೈಮ್ ಹೀ ಹೈ," ಎಂದರು ಟೀಚರ್.

"ಏಳರಿಂದ ನೋಡಿ, ಮೇಡಂ."

ಅವರು ಮೊಬೈಲಿನಲ್ಲಿ ಒತ್ತಿ ನೋಡಿದರು. ಆಮೇಲೆ, "ಆನ್ಸರ್ ಕೀ ಮೇಲಿಂದ ಬರುತ್ತೆ. ನಾನು ತಿದ್ದೋ ಹಾಗಿಲ್ಲ. ಒಂದು ಅರ್ಜಿ ಕೊಡಿ," ಎಂದರು.

ನಾನು ಕೇಂದ್ರ ಸರ್ಕಾರದ ಗುಮಾಸ್ತ. ಬಂದವರಿಂದೆಲ್ಲ ಅರ್ಜಿ ಬರೆಸುವವನು. ಏಳು ತೊಂಬತ್ತೊಂದನ್ನು ಶೇಷವಿಲ್ಲದೆ ಭಾಗಿಸುತ್ತದೆ, ದಯವಿಟ್ಟು ಪರಿಗಣಿಸಬೇಕು ಎಂದು ಬರೆದು ಸಹಿ ಹಾಕುವಾಗ ಸಿಟ್ಟು ಬಂದಿತ್ತು.

ಮೂರು ವಾರ ಫೋನ್ ಮಾಡಿದೆ. "ನೋಡ್ತಿದ್ದೀವಿ ಸರ್." ಕೊನೆಗೆ ಅರ್ಧ ದಿನ ರಜೆ ಹಾಕಿ ಹೋದೆ. ಪರೀಕ್ಷೆಗಳ ಉಸ್ತುವಾರಿ ನೋಡುವ ಹೆಂಗಸು ಚಹಾ ತರಿಸಿದರು.

"ಅಚ್ಛಾ, ನಿಮ್ಮ ಮಗಳಿಗೆ ಆ ಒಂದು ಅಂಕ ಕೊಟ್ಟಿದ್ದೀವಿ."

"ಉಳಿದ ಮಕ್ಕಳಿಗೆ ಪ್ರೈಮ್ ಅನ್ನೋದು ತಪ್ಪು ಅಂತ ಹೇಳಿದ್ರಾ?"

"ಅವರಿಗೆ ಅಂಕ ಸಿಕ್ಕಿದೆಯಲ್ಲ ಸರ್. ಯಾರೂ ದೂರು ಕೊಟ್ಟಿಲ್ಲ."

ಚಹಾ ಕುಡಿಯದೆ ಎದ್ದುಬಂದೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಮತ್ತೆ ಬಂತು. ಗೇಟಿನಲ್ಲಿ ಕಾಯುತ್ತಿದ್ದ ನಾನು ಅವಳು ಬಂದ ಕೂಡಲೇ ಪ್ರಶ್ನೆಪತ್ರಿಕೆ ತೆಗೆದು ನೋಡಿ, ತೊಂಬತ್ತೊಂದಕ್ಕೆ ಏನು ಬರೆದೆ ಎಂದು ಕೇಳಿದೆ.

"ಪ್ರೈಮ್."

"ಗೊತ್ತಿದ್ದೂ?" ಎಂದು ಎಲ್ಲರೆದುರು ಕೂಗಿದೆ.

ಅವಳ ಕಣ್ಣು ತುಂಬಿತು. "ಗೊತ್ತು ಅಪ್ಪಾ. ಲೇಕಿನ್ ಸರಿಯಾಗಿ ಬರೆದರೆ ನೀವು ಮತ್ತೆ ಸ್ಕೂಲ್‌ಗೆ ಬರ್ತೀರಿ. ಎಲ್ಲರೂ ನನ್ನನ್ನೇ ನೋಡ್ತಾರೆ."

ಅವಳ ಬ್ಯಾಗು ತೆಗೆದುಕೊಂಡೆ.

ಹತ್ತು ದಿನದ ಮೇಲೆ ಉತ್ತರಪತ್ರಿಕೆ ಬಂತು. ಈ ಸಲ ಆನ್ಸರ್ ಕೀ ಸರಿಯಾಗಿತ್ತು. ಅವಳಿಗೆ ಒಂದು ಅಂಕ ಹೋಗಿತ್ತು. ನಾನು ಸಿಕ್ಕಾಗ ಟೀಚರ್ ಸಂತೋಷದಿಂದಲೇ ಹೇಳಿದರು: "ನಿಮ್ಮ ಅರ್ಜಿ ತೋರಿಸಿ ನಾನೇ ತಿದ್ದಿಸಿದೆ ಸರ್." ಥ್ಯಾಂಕ್ಸ್ ಎಂದೆ. ಮಗಳು ಎರಡು ದಿನ ನನ್ನೊಂದಿಗೆ ಮಾತು ಬಿಟ್ಟಳು.