ಆರಿಸಬಾರದ ಬಂಡಿಯಲ್ಲಿ ಹೆಣ್ಣು ನೋಡಲು

ನಮ್ಮ ಚಿಕ್ಕಪ್ಪನ ಪಿಕಪ್‌ಗೆ ಕೀ ತಿರುಗಿಸುವ ಕೆಲಸವೇ ಇಲ್ಲ. ರಿಮೋಟು ಜೇಬಿನಲ್ಲಿದ್ದರೆ ಸಾಕು, ಗುಂಡಿ ಒತ್ತಿದರೆ ಸ್ಟಾರ್ಟ್. ಮುಂದೆ ಟಿವಿಯಷ್ಟು ದೊಡ್ಡ ಪರದೆ. ಬಾಗಿಲು ಸರಿಯಾಗಿ ಹಾಕದಿದ್ದರೆ ಹೆಣ್ಣು ದನಿಯಲ್ಲಿ ಬಯ್ಯುತ್ತದೆ. "ಮದುವೆಗೆ ಮುಂಚೆನೇ ಬಯ್ಯಾಕೆ ಒಬ್ಳು ಸಿಕ್ಕಳು" ಎಂದು ನಾನು ಹೇಳಿದ್ದಕ್ಕೆ ಗೋವಿನಕೋವಿಯ ಅರ್ಧ ಊರು ನಕ್ಕಿತ್ತು. ಉಳಿದರ್ಧ ಊರಿಗೆ ನಾನೇ ಹೋಗಿ ಹೇಳಿ ಬಂದೆ.

ನಗದವನು ಚಿಕ್ಕಪ್ಪ ಒಬ್ಬನೇ. ಅವನಿಗೆ ನಲವತ್ತರ ಹತ್ತಿರ. ಬೇಸಾಯ ಮಾಡುವವನಿಗೆ ಯಾರೂ ಹೆಣ್ಣು ಕೊಡದಿದ್ದಾಗ, ಬಂಡಿ ನೋಡಿಯಾದರೂ ಕೊಡಲಿ ಎಂದು ಈ ಪಿಕಪ್ ತಂದಿದ್ದ. ಅದು ಮೊದಲು ಕೈಕೊಟ್ಟದ್ದು ಚನ್ನಗಿರಿಯಲ್ಲಿ, ಹೆಣ್ಣಿನ ಮನೆಯ ಮುಂದೆಯೇ. ಅವರು ನೋಡಲಿ ಅಂತ ದೀಪಗಳನ್ನೆಲ್ಲ ಹಾಕಿಟ್ಟು ಒಳಗೆ ಹೋಗಿ ಕೂತಿದ್ದ. ಹೊರಗೆ ಬರುವಷ್ಟರಲ್ಲಿ ಬ್ಯಾಟರಿ ಸತ್ತಿತ್ತು. ಹೆಣ್ಣಿನ ಅಣ್ಣಂದಿರು ಪಂಚೆ ಎತ್ತಿ ಕಟ್ಟಿ ಬಸ್ ಸ್ಟ್ಯಾಂಡಿನವರೆಗೆ ತಳ್ಳಿದರು. ಇಂಥ ಹೊಸ ಬಂಡಿ ತಳ್ಳಿದರೆ ಸ್ಟಾರ್ಟ್ ಆಗುವುದಿಲ್ಲ, ತಳ್ಳಿದವರ ಬಾಯಿ ಮಾತ್ರ ಆಗುತ್ತದೆ. "ಇವರ ಬಂಡಿನೇ ನಾವು ತಳ್ಳಬೇಕು ಅಂದ್ರೆ, ನಾಳೆ ಸಂಸಾರ ಯಾರು ತಳ್ಳದು?" ಎಂದರು. ಸಂಬಂಧ ಅಲ್ಲಿಗೇ ನಿಂತಿತು.

ಆಮೇಲೆ ಜಗಳೂರಿನಿಂದ ಒಂದು ಸಂಬಂಧ ಬಂತು. ಹುಡುಗಿಗೆ ಸ್ವಂತ ಹೊಲಿಗೆ ಅಂಗಡಿ. ಚಿಕ್ಕಪ್ಪನ ಜೊತೆ ಫೋನಿನಲ್ಲಿ ಮಾತಾಡಿದ್ದಳು, ನಕ್ಕಿದ್ದಳು ಕೂಡ. ಫೋನ್ ಇಟ್ಟ ಮೇಲೂ ಅವನು ಕೊಟ್ಟಿಗೆಯಲ್ಲಿ ಒಬ್ಬನೇ ನಗುತ್ತಿದ್ದದ್ದನ್ನು ನಾನೂ ನೋಡಿದೆ, ಎಮ್ಮೆಯೂ ನೋಡಿತು. "ಇದೊಂದು ಆಗ್ಲಿಲ್ಲ ಅಂದ್ರೆ ಇನ್ಯಾರ ಮನೆ ಉಪ್ಪಿಟ್ಟು ತಿನ್ನಾಕೂ ನಾನು ಹೋಗಲ್ಲ" ಎಂದು ಅಜ್ಜಿಗೆ ಹೇಳಿಬಿಟ್ಟಿದ್ದ.

ಹಾಗಾಗಿ ಬ್ಯಾಟರಿ ಸಾಯುವ ಮೊದಲೇ ಅದರ ತಿಥಿಗೆ ಬೇಕಾದ್ದೆಲ್ಲ ಜೋಡಿಸಿದೆವು. ಸಲಹೆಗಾರ್ತಿ ನಾನೇ. ಪಿಯುಸಿ ಸೈನ್ಸು, ಮೇಲಾಗಿ ಫೋನಿನಲ್ಲಿ ವಿಡಿಯೋ ನೋಡಿದ್ದೆ. ಇನ್ನೊಂದು ಬಂಡಿಯಿಂದ ಕರೆಂಟು ಎಳೆಯಲು ಕೆಂಪು ಕಪ್ಪು ಜಂಪರ್ ಕೇಬಲ್ಲು ತಂದೆವು. ನಮ್ಮ ಮನೆ ಮುಂದೆ ಸಿಕ್ಕಿಸಿದರೆ ನ್ಯಾಮತಿಯ ಬಂಡಿಗೂ ಎಟುಕುವಷ್ಟು ಉದ್ದ. ಅಕ್ಕಪಕ್ಕ ಬಂಡಿಯೇ ಇಲ್ಲದಿದ್ದರೆ ಇರಲಿ ಎಂದು ಕರೆಂಟು ತುಂಬಿಟ್ಟುಕೊಳ್ಳುವ, ಟಿಫಿನ್ ಡಬ್ಬಿಯಂಥ ಒಂದು ಪವರ್ ಡಬ್ಬ. ಚಿಕ್ಕಪ್ಪ ಬ್ಯಾಟರಿಯ ತುದಿಗಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಗ್ರೀಸ್ ಸವರಿದ. ಯಾರ ಬ್ರಷ್ಷೋ ಗೊತ್ತಿಲ್ಲ. ಅಪ್ಪ ಮಾತ್ರ ಆ ವಾರವೆಲ್ಲ ಬೇವಿನಕಡ್ಡಿ ಹಿಡಿದಿದ್ದರು.

ಸೋಮವಾರ ಹೊರಡುವುದೆಂದಾಯಿತು. ಹೆಂಗಸರು ಸೀರೆ ಉಟ್ಟು ಮುಗಿಸುವ ಹೊತ್ತಿಗೆ ಸರಿಯಾಗಿ ರಾಹುಕಾಲ. ಅದಕ್ಕೆ ಅಜ್ಜಿಯ ಬಳಿ ಹಳೆಯ ಉಪಾಯವಿತ್ತು, ಪ್ರಸ್ಥಾನ. ರಾಹುಕಾಲಕ್ಕೆ ಮೊದಲೇ ಒಂದು ಚೀಲವನ್ನು ಮನೆಯಿಂದ ಹೊರಡಿಸಿ ಪಕ್ಕದ ಮನೆಯಲ್ಲಿಟ್ಟರೆ ಒಳ್ಳೆ ಹೊತ್ತಲ್ಲಿ ನಾವೇ ಹೊರಟಂತೆ ಲೆಕ್ಕ. ಈ ಸಲ ಅಜ್ಜಿಗೆ ಚೀಲ ಸಾಲಲಿಲ್ಲ.

"ಚೀಲ ಯಾಕೋ, ಬಂಡಿನೇ ಹೊರಡ್ಸು. ಗುಡಿ ಮುಂದೆ ನಿಲ್ಸಿ ಬಾ. ಆದ್ರೆ ಹೊರಟ ಬಂಡಿ ಆರಬಾರ್ದು. ಆರಿದ್ರೆ ಪಯಣ ಮುರಿದಂಗೆ."

"ಅಷ್ಟೊತ್ತು ಇಂಜಿನ್ ಓಡ್ಸಾಕೆ ಡೀಸೆಲ್ ಏನು ಬಾವ್ಯಾಗೆ ಸಿಗ್ತೈತಾ ಅವ್ವಾ?"

ಕೊನೆಗೆ ರಾಜಿಯಾಯಿತು. ಇಂಜಿನ್ ಬಂದ್, ಪರದೆ, ದೀಪ, ಫ್ಯಾನು, ಭಕ್ತಿಗೀತೆ ಎಲ್ಲ ಚಾಲೂ. ಪರದೆ ಬೆಳಗುತ್ತಿದ್ದರೆ ಬಂಡಿ ಹೊರಟ ಹಾಗೆಯೇ ಎಂದು ಅಜ್ಜಿ ಒಪ್ಪಿದಳು. ಸೈನ್ಸ್ ಓದಿದವಳಾಗಿ ನಾನು ಏನಾದರೂ ಹೇಳಬಹುದಿತ್ತು. ಆದರೆ ಆಗ ನನ್ನ ಜಡೆ ಅಮ್ಮನ ಕೈಯಲ್ಲಿತ್ತು.

ಸಿಂಗರಿಸಿಕೊಂಡು ಗುಡಿಯ ಹತ್ತಿರ ಹೋದರೆ ಭಕ್ತಿಗೀತೆ ಕೇಳಿಸಲಿಲ್ಲ. ಚಿಕ್ಕಪ್ಪ ಗುಂಡಿ ಒತ್ತಿದ. ಬಂಡಿ 'ಟಿಕ್' ಎಂದಿತು. ಮತ್ತೆ ಒತ್ತಿದ. ಅಷ್ಟನ್ನೂ ಅನ್ನಲಿಲ್ಲ.

"ಡಬ್ಬ ತಗಾ!" ಎಂದು ಕೂಗಿದ. ನಾನು ಊರಿಗೆಲ್ಲ ಕಾಣುವಂತೆ ಪವರ್ ಡಬ್ಬ ಎತ್ತಿ ಹಿಡಿದೆ. ಅದರಲ್ಲಿ ಒಂದು ಚುಕ್ಕಿ ಬೆಳಕೂ ಇರಲಿಲ್ಲ. ಅದಕ್ಕೆ ಫೋನ್ ಚಾರ್ಜ್ ಮಾಡುವ ಕಿಂಡಿಯೂ ಇತ್ತು. ಹಿಂದಿನ ದಿನ ಊರಲ್ಲಿ ಕರೆಂಟ್ ಇರಲಿಲ್ಲ. ಹೆಣ್ಣಿನ ಫೋಟೊ ತೆಗೆಯಬೇಕೆಂದು ಮನೆಮಂದಿಯೆಲ್ಲ ಸರದಿಯಲ್ಲಿ ಅದಕ್ಕೇ ಫೋನ್ ಚುಚ್ಚಿದ್ದರು. ಫೋನೇ ಇಲ್ಲದ ಅಜ್ಜಿ ಟಾರ್ಚ್ ಚುಚ್ಚಿದ್ದಳು.

ಕೇಬಲ್ಲಿಗೆ ಇನ್ನೊಂದು ಬಂಡಿ ಬೇಕು. ಊರಿನ ಟ್ರ್ಯಾಕ್ಟರುಗಳೆಲ್ಲ ಗದ್ದೆಗೆ ಹೋಗಿದ್ದವು. ಹೊನ್ನಾಳಿಯಿಂದ ಮೆಕ್ಯಾನಿಕ್ ಒಬ್ಬ ಬೈಕಿನಲ್ಲಿ ಬ್ಯಾಟರಿ ಕಟ್ಟಿಕೊಂಡು ಬಂದ. ನಮ್ಮ ಕೇಬಲ್ ನೋಡಿ, "ಇದೇನ್ರೀ, ಬಟ್ಟೆ ಒಣಗ್ಹಾಕಾಕಾ?" ಎಂದ. ಬಂಡಿ ಸ್ಟಾರ್ಟ್ ಮಾಡಿಕೊಟ್ಟು, "ಈಗ್ಲೇ ಆಫ್ ಮಾಡಬ್ಯಾಡ್ರಿ. ಒಂದಷ್ಟು ದೂರ ಓಡಿಸ್ರಿ, ಚಾರ್ಜ್ ಆಗ್ತೈತೆ" ಎಂದು ಹೇಳಿ ಹೋದ.

ಚಿಕ್ಕಪ್ಪನ ಕಿವಿ 'ಆಫ್ ಮಾಡಬ್ಯಾಡ್ರಿ' ಎಂಬಲ್ಲಿಗೇ ಮುಚ್ಚಿಕೊಂಡಿತ್ತು. ದಾವಣಗೆರೆ ದಾಟಿದ ಮೇಲೆ ನಾನೇ ಹೇಳಿದೆ.

"ಚಿಕ್ಕಪ್ಪ, ಇಷ್ಟು ದೂರ ಬಂದೀವಿ. ಬ್ಯಾಟರಿ ತುಂಬಿರ್ತೈತೆ."

"ಬಾಯ್ ಮುಚ್ಕಾ. ನಿನ್ನ ಡಬ್ಬ ತುಂಬಿದ್ದು ನೋಡಿದ್ನಲ್ಲ."

ಜಗಳೂರು ಮುಟ್ಟಿದಾಗ ಮಧ್ಯಾಹ್ನ. ಅವರು ಮಾಡಿಟ್ಟಿದ್ದ ಉಪ್ಪಿಟ್ಟು ಇಟ್ಟಿಗೆಯಾಗಿತ್ತು. ಚಿಕ್ಕಪ್ಪ ಬಂಡಿಯನ್ನು ಮನೆ ಮುಂದೆ ನಿಲ್ಲಿಸಿದ, ಇಂಜಿನ್ ಮಾತ್ರ ಆರಿಸಲಿಲ್ಲ. ನಡುಮನೆಯಲ್ಲಿ ಕಿಟಕಿ ಪಕ್ಕದ ಕುರ್ಚಿ ಹಿಡಿದು, ಹೆಣ್ಣು ಬರುವ ಬಾಗಿಲಿಗೆ ಬೆನ್ನು ಮಾಡಿ, ಪಿಕಪ್ಪನ್ನೇ ನೋಡುತ್ತ ಕೂತ. ಗೋಡೆಯ ಮೇಲಿದ್ದ ಅವರ ಹಿರಿಯರ ಫೋಟೊಗಳೂ ಇಂಜಿನ್ನಿನ ಜೊತೆ ನಡುಗುತ್ತಿದ್ದವು.

"ಬಂಡಿ ಆರ್ಸಲ್ವೇನ್ರೀ?" ಎಂದು ಹೆಣ್ಣಿನ ಅಪ್ಪ ಕೂಗಿ ಕೇಳಿದರು.

"ಇರ್ಲಿ ಬಿಡ್ರೀ."

"ಇಲ್ಲಿಂದ ಹಂಗೇ ಇನ್ನೊಂದು ಮನೆಗೆ ಹೆಣ್ಣು ನೋಡಾಕೆ ಹೋಗಾದೈತಾ?"

ನಕ್ಕವಳು ನಾನೊಬ್ಬಳೇ. ಅಮ್ಮ ನನ್ನ ತೊಡೆ ಚಿವುಟಿದರು. ಬ್ಯಾಟರಿ ಕಥೆ ಹೇಳಿಬಿಟ್ಟಿದ್ದರೆ ಅವರೂ ನಗುತ್ತಿದ್ದರೇನೋ. ಆದರೆ ಚನ್ನಗಿರಿಯ ಮಾತು ಇಲ್ಲಿಗೂ ಬಂದೀತೆಂಬ ಹೆದರಿಕೆಯಿಂದ ಎಲ್ಲರೂ ತೆಪ್ಪಗಿದ್ದೆವು.

ಹುಡುಗಿ ಚಹಾ ತಂದು ಕೊಟ್ಟಳು. ತಲೆ ತಗ್ಗಿಸಲಿಲ್ಲ. ಚಿಕ್ಕಪ್ಪನನ್ನೇ ನೇರವಾಗಿ ಕೇಳಿದಳು: "ಮದುವೆ ಆದ್ಮೇಲೂ ನಾನು ಅಂಗಡಿ ನಡೆಸ್ತೀನ್ರೀ. ಹೊನ್ನಾಳ್ಯಾಗಾದ್ರೂ ಒಂದು ಹಾಕ್ಕೊಡ್ತೀರಾ?"

ಆ ಹೊತ್ತಿಗೇ ಹೊರಗೆ ಇಂಜಿನ್ನಿನ ಸದ್ದು ಕೊಂಚ ಕುಗ್ಗಿತು. ಚಿಕ್ಕಪ್ಪ ಚಹಾ ಹಿಡಿದುಕೊಂಡೇ ಅರ್ಧ ಎದ್ದು ಕಿಟಕಿಯಿಂದ ಹಣಕಿದ. ಸದ್ದು ಸರಿಯಾಯಿತು. ಅವನು ಮತ್ತೆ ಕೂತಾಗ ಅವಳು ಇನ್ನೂ ಅಲ್ಲೇ ನಿಂತಿದ್ದಳು.

"ಏನಂದ್ರಿ?" ಎಂದ.

"ಏನಿಲ್ಲ ಬಿಡ್ರೀ. ಬಂದಾಗಿಂದ ಹೊರಡಾಕೇ ಕುಂತೀರಿ."

ಚಿಕ್ಕಪ್ಪ ಲೋಟ ಇಟ್ಟು ಹೊರಗೆ ಓಡಿ ಇಂಜಿನ್ ಆರಿಸಿ ಬಂದ. ಒಮ್ಮೆಗೇ ಎಂಥ ನಿಶ್ಶಬ್ದವೆಂದರೆ, ನಾನು ಉಪ್ಪಿಟ್ಟು ಅಗಿಯುವುದು ನನಗೇ ಕೇಳಿಸಿ ನಿಲ್ಲಿಸಿದೆ. ಅವಳು ಒಳಗೆ ಹೋಗಿಯಾಗಿತ್ತು.

"ಹೇಳಿ ಕಳಿಸ್ತೀವ್ರೀ" ಎಂದು ಅವಳ ಅಪ್ಪ ಕೈಮುಗಿದರು. ನಮ್ಮ ಕಡೆ ಹೀಗೆಂದವರು ಯಾರೂ ಹೇಳಿ ಕಳಿಸಿದ್ದಿಲ್ಲ.

ಬಂಡಿ ಒಂದೇ ಒತ್ತಿಗೆ ಸ್ಟಾರ್ಟ್ ಆಯಿತು. ನನ್ನ ನಾಲಿಗೆ ತುದಿಗೆ ಒಂದು ಮಾತು ಬಂದಿತ್ತು, ಒಳ್ಳೆಯ ಮಾತೇ. ಪಕ್ಕದ ಸೀಟಿನಿಂದ ಚಿಕ್ಕಪ್ಪನ ಮುಖ ಕಂಡು ನುಂಗಿಕೊಂಡೆ. ಜಗಳೂರು ದಾಟಿದ ಮೇಲೆ ಅವನು ರಸ್ತೆ ಪಕ್ಕ ನಿಲ್ಲಿಸಿ, ತಾನಾಗಿಯೇ ಇಂಜಿನ್ ಆರಿಸಿ, ಅವಳಿಗೆ ಫೋನ್ ಹಚ್ಚಿದ. ರಿಂಗಾಯಿತು. ಎತ್ತಲಿಲ್ಲ.

"ಇನ್ನೊಂದ್ಸಲ ಹಚ್ಚೋ ಮಗಾ" ಎಂದಳು ಹಿಂದಿನ ಸೀಟಿನಿಂದ ಅಜ್ಜಿ.

ಅವನು ಫೋನನ್ನು ಕಿವಿಗಿಟ್ಟುಕೊಂಡು ಕೂತ. "ಹಚ್ಚಿದೆ ಅವ್ವಾ, ಎತ್ತವಲ್ಲಳು" ಎಂದ.

ಕಿವಿಗಿಡುವಾಗ ಪಕ್ಕದಲ್ಲಿದ್ದ ನನಗೆ ಫೋನಿನ ಪರದೆ ಕಂಡಿತ್ತು. ಅವನು ಹಚ್ಚಿರಲಿಲ್ಲ.